ಅಗತ್ತಿಗೊಂದು ನೈಟ್ ಹಾಲ್ಟ್ ಬಸ್ಸು ಕೊಡಿ: ವಿಮಾನಯಾನ ಸಚಿವರಿಗೆ ಮಂಗಳೂರು ಬಂದರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ,
(ಪ್ರತಿ: ಲಕ್ಷದ್ವೀಪದ ಆಡಳಿತಾಧಿಕಾರಿಗಳಿಗೆ ಮತ್ತು ನಮ್ಮ ದಕ್ಷಿಣ ಕನ್ನಡದ ಸಂಸದರಿಗೆ)

ನಮಸ್ಕಾರ. ನಾನು ಮಂಗಳೂರಿನ ಬಂದರಿನಲ್ಲಿ ದಿನಸಿ ಸಾಮಾನಿನ ಸಗಟು ಅಂಗಡಿ ಇಟ್ಟುಕೊಂಡವನು. ಅಪ್ಪನ ಕಾಲದ ಅಂಗಡಿ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಸಮುದ್ರದ ಆಚೆ ಇರುವವರು. ಅಕ್ಕಿ, ಸಕ್ಕರೆ, ಈರುಳ್ಳಿ, ಬಟಾಟೆ ಎಲ್ಲ ದಕ್ಕೆಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಮಂಜಿಗೆ ಏರುತ್ತದೆ, ಲಕ್ಷದ್ವೀಪದಲ್ಲಿ ಇಳಿಯುತ್ತದೆ. ಮಂಜಿ ಅಂದರೆ ಮರದ ಸರಕು ಹಡಗು. ಹೋಗುವಾಗ ಸಿಮೆಂಟು, ಜಲ್ಲಿ, ಆಡು, ತರಕಾರಿ ಎಲ್ಲ ಒಟ್ಟಿಗೆ. ಬರುವಾಗ ಕೊಬ್ಬರಿ ಮತ್ತು ಒಣಗಿಸಿದ ಕೇದರ (ಟ್ಯೂನಾ) ಮೀನು. ಆ ಮೀನಿಗೆ ಅಲ್ಲಿ ಮಾಸ್ ಎನ್ನುತ್ತಾರೆ. ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಕೆರೆದು ಚಟ್ನಿಗೆ ಹಾಕಿದರೆ ಬೇರೆ ಏನೂ ಬೇಡ.

ಇಂಥ ನಾನು, ಲಕ್ಷದ್ವೀಪದಲ್ಲಿ ವಿಮಾನ ಇಳಿಯುವ ಒಂದೇ ದ್ವೀಪವಾದ ಅಗತ್ತಿಗೆ ಮಂಗಳೂರಿನಿಂದ ವಾರಕ್ಕೆ ಮೂರು ದಿನ ವಿಮಾನ ಬೇಕು ಎಂದು ನಿಮಗೆ ಪತ್ರ ಬರೆಯುವುದು ಯಾಕೆ ಎಂದು ನೀವು ಕೇಳಬಹುದು. ಒಂದು ಸೀಟಿನ ಕಥೆ ಹೇಳಬೇಕಾಗಿದೆ, ಅದಕ್ಕೆ.

ಅಗತ್ತಿಯಲ್ಲಿ ನಮಗೆ ಒಬ್ಬರು ಹಳೇ ಗಿರಾಕಿ ಇದ್ದರು. ನಾವು ಕಾಕ ಎಂದೇ ಕರೆಯುತ್ತಿದ್ದೆವು. ಅವರ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಕಾಲೇಜಿನ ಫಾರಂನಲ್ಲಿ 'ಸ್ಥಳೀಯ ಪೋಷಕರು' ಎಂಬಲ್ಲಿ ನನ್ನ ಸಹಿ ಇದೆ. ಒಂದು ಜುಲೈ ತಿಂಗಳ ಬೆಳಿಗ್ಗೆ, ಅಂಗಡಿಯ ಶಟರ್ ಅರ್ಧ ಎತ್ತಿದ್ದೆ ಅಷ್ಟೆ, ಅವಳು ಮಳೆಯಲ್ಲಿ ನೆನೆದುಕೊಂಡು ಬಂದು ನಿಂತಳು. ಕಾಕ ಬೆಳಗಿನ ಜಾವ ತೀರಿಹೋಗಿದ್ದರು.

"ಅಂಕಲ್, ಇವತ್ತೇ ಹೋಗಿ ಮುಟ್ಟುವ ದಾರಿ ಏನಾದರೂ ಉಂಟಾ?"

ನಾನು ಫೋನು ಹಿಡಿದು ಕೂತೆ. ಮಂಜಿ ಇಲ್ಲ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಳೆಗಾಲದಲ್ಲಿ ಮಂಜಿ ಕಡಲಿಗೆ ಇಳಿಯುವಂತಿಲ್ಲ. ಇದ್ದರೂ ಹೆಣ್ಣುಮಗಳನ್ನು ಸಿಮೆಂಟು ಮೂಟೆಯ ಮೇಲೆ ಕೂರಿಸಿ ಕಳಿಸುವುದಲ್ಲ. ಕೊಚ್ಚಿಯ ಪ್ಯಾಸೆಂಜರ್ ಹಡಗು ಗಾಳಿಗೆ ತಡವಾಗಿತ್ತು. ಉಳಿದದ್ದು ಕೊಚ್ಚಿಯಿಂದ ವಿಮಾನ. ಆ ದಿನದ್ದು ಫುಲ್. ಮರುದಿನದ್ದೂ ಫುಲ್. ಮೂರನೇ ದಿನಕ್ಕೆ ಒಂದು ಸೀಟು ಇತ್ತು. ಅದರ ರೇಟು ಇಲ್ಲಿ ಬರೆಯುವುದಿಲ್ಲ, ನನಗೇ ನಾಚಿಕೆಯಾಗುತ್ತದೆ.

ಅವಳು ಅಕ್ಕಿ ಮೂಟೆಯ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದಳು. ಅವರದ್ದು ಮುಸ್ಲಿಂ ಸಂಪ್ರದಾಯ, ಕಬರಿಗೆ ಇಡುವುದನ್ನು ದಿನಗಟ್ಟಲೆ ಕಾಯಿಸುವುದಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು. ಆ ಹುಡುಗಿ ಮಧ್ಯಾಹ್ನದವರೆಗೆ ನಮ್ಮ ಅಂಗಡಿಯಲ್ಲೇ ಇದ್ದಳು. ಒಂದು ಮಾತು ಆಡಲಿಲ್ಲ. ತಕ್ಕಡಿಯ ಹತ್ತಿರ ಬಿದ್ದಿದ್ದ ಸೆಣಬಿನ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ ಸಾರ್. ಬಜ್ಪೆಯ ನಮ್ಮ ವಿಮಾನ ನಿಲ್ದಾಣದಿಂದ ಅಗತ್ತಿಗೆ ನೇರ ಗೆರೆ ಎಳೆದರೆ ಸುಮಾರು 380 ಕಿಲೋಮೀಟರ್. ಕೊಚ್ಚಿಯ ನೆಡುಂಬಾಶ್ಶೇರಿ ನಿಲ್ದಾಣದಿಂದ ಸುಮಾರು 470. ಗೋವಾದಿಂದ, ಬೆಂಗಳೂರಿನಿಂದ ಇನ್ನೂ ದೂರ. ಫ್ಯಾನಿನ (ಪ್ರೊಪೆಲ್ಲರ್) ವಿಮಾನಕ್ಕೆ ಮಂಗಳೂರಿನಿಂದ ಒಂದು ಗಂಟೆಯ ದಾರಿ. ಆ ಹುಡುಗಿ ಆವತ್ತು ರಾತ್ರಿಯ ರೈಲು ಹಿಡಿದು ಕೇರಳದ ಉದ್ದಕ್ಕೂ ಇಳಿದು, ಕೊಚ್ಚಿಯಲ್ಲಿ ಪರಿಚಯದವರ ಮನೆಯಲ್ಲಿ ಕಾದು, ಮತ್ತೆ ಸಮುದ್ರ ದಾಟಿ ಮನೆ ಮುಟ್ಟುವಾಗ ಮೂರನೇ ದಿನ.

ಅದಾಗಿ ಏಳು ತಿಂಗಳ ಮೇಲೆ, ಫೆಬ್ರವರಿಯಲ್ಲಿ, ನಾನೇ ಅಗತ್ತಿಗೆ ಹೋದೆ. ಕಾಕನ ಲೆಕ್ಕ ಮುಗಿಸುವುದಿತ್ತು, ಮನೆಯವರನ್ನು ಮಾತಾಡಿಸುವುದಿತ್ತು. ಹೊರಗಿನವರಿಗೆ ಪರ್ಮಿಟ್ ಬೇಕು, ಅದು ಆಯಿತು. ಕೊಚ್ಚಿ ಹತ್ತಿರದ ಆಲುವಾದವರೆಗೆ ರೈಲು, ಅಲ್ಲಿಂದ ಏರ್‌ಪೋರ್ಟು. ವಿಮಾನ ಎಟಿಆರ್ 72 ಎಂಬ ಫ್ಯಾನಿನದ್ದು. ಅದಕ್ಕೆ ಹಿಂದಿನ ಬಾಗಿಲಿನಿಂದ ಹತ್ತುವುದು, ನಮ್ಮ ಸಿಟಿ ಬಸ್ಸಿನ ಹಾಗೆ. ಆಚೆ ಎರಡು ಸೀಟು, ಈಚೆ ಎರಡು ಸೀಟು. ರೆಕ್ಕೆ ತಲೆಯ ಮೇಲೆ ಇರುವುದರಿಂದ ಕಿಟಕಿಯಿಂದ ಕೆಳಗಿನದ್ದೆಲ್ಲ ಕಾಣುತ್ತದೆ. ಆರು ಎಲೆಯ ದೊಡ್ಡ ಫ್ಯಾನು ಪಕ್ಕದಲ್ಲೇ ತಿರುಗುತ್ತಿತ್ತು. ಮುಂದಿನ ಸೀಟಿನ ಮಗು ಅದನ್ನು ನೋಡಿ ಮೊದಲು ಅತ್ತಿತು, ಮತ್ತೆ ನಕ್ಕಿತು.

ಮುಕ್ಕಾಲು ಗಂಟೆ ಬರೀ ನೀರು. ಆಮೇಲೆ ಒಮ್ಮೆಗೇ ಕೆಳಗೆ ಹಸಿರು. ಹೊಳೆಯಲ್ಲಿ ತೇಲುವ ತೆಂಗಿನ ಗರಿ ನೋಡಿದ್ದೀರಾ? ಅಗತ್ತಿ ಹಾಗೇ ಕಾಣುತ್ತದೆ. ಉದ್ದ ಏಳು ಕಿಲೋಮೀಟರ್ ಹತ್ತಿರ, ಅಗಲ ಎಲ್ಲಿ ಜಾಸ್ತಿಯೋ ಅಲ್ಲಿ ಒಂದು ಕಿಲೋಮೀಟರ್. ದಕ್ಷಿಣದ ತುದಿ ಸಪೂರ ಆಗುತ್ತಾ ಹೋಗುತ್ತದೆ. ಆ ಸಪೂರ ಕಡ್ಡಿಯ ಮೇಲೆಯೇ ರನ್‌ವೇ. ಎರಡೂ ಬದಿ ನೀರು, ತುದಿಯಲ್ಲೂ ನೀರು. ಚಕ್ರ ನೆಲ ಮುಟ್ಟಿದ್ದೇ ತಡ, ಫ್ಯಾನು ಉಲ್ಟಾ ಗಾಳಿ ಕೊಟ್ಟು ಗುಡುಗಿತು. ನನ್ನ ಎದೆ ಸೀಟ್‌ಬೆಲ್ಟಿಗೆ ಒತ್ತಿತು. ಅಷ್ಟರಲ್ಲಿ ನಿಂತಾಯಿತು.

ಮಂಗಳೂರಿನವರಿಗೆ ರನ್‌ವೇ ಉದ್ದದ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ವಿಮಾನ ರನ್‌ವೇ ದಾಟಿ ಬಿದ್ದು ಕೆಂಜಾರಿನ ಗುಡ್ಡದ ಕೆಳಗೆ 158 ಜನ ಹೋದರು. ಆದ್ದರಿಂದ ಇನ್ನು ಮುಂದೆ ನಾನು ಬರೆಯುವ ಯಾವ ಮಾತನ್ನೂ 'ಸುರಕ್ಷತೆ ಸ್ವಲ್ಪ ಸಡಿಲ ಮಾಡಿ' ಎಂದು ಓದಬೇಡಿ. ಹಾಗೆ ಕೇಳುವ ಊರು ನಮ್ಮದಲ್ಲ.

ಈಗ ಸೀಟಿನ ಕಥೆಗೆ ಬರುತ್ತೇನೆ. ವಾಪಸು ಬರುವ ದಿನ. ಅಗತ್ತಿಯ ಟರ್ಮಿನಲ್ ಅಂದರೆ ನಮ್ಮ ತಾಲೂಕು ಬಸ್‌ಸ್ಟ್ಯಾಂಡಿಗಿಂತ ಚಿಕ್ಕದು. ಕಾಕನ ಹೆಂಡತಿ ನನಗೆ ಒಂದು ರಟ್ಟಿನ ಡಬ್ಬ ಕಟ್ಟಿಕೊಟ್ಟಿದ್ದರು. ಅದರಲ್ಲಿ ಮಾಸ್, ತೆಂಗಿನ ನೀರಾದಿಂದ ಮಾಡಿದ ಬೆಲ್ಲ. ಕೌಂಟರಿನ ಹುಡುಗ ಡಬ್ಬ ತೂಗಿದ, ಬ್ಯಾಗ್ ತೂಗಿದ, ಲಿಸ್ಟ್ ನೋಡಿದ. "ಸಾರ್, ಇವತ್ತು ಲೋಡ್ ಜಾಸ್ತಿ, ಈ ಡಬ್ಬ ಮುಂದಿನ ಫ್ಲೈಟಿಗೆ ಬರುತ್ತದೆ" ಎಂದ. ಆಯಿತು ಎಂದೆ. ನನ್ನ ಹಿಂದೆ ಇಬ್ಬರು ಪ್ರವಾಸಿಗಳ ಈಜುವ ಸಾಮಾನಿನ ಚೀಲವೂ ಉಳಿಯಿತು.

ಆ ಇಬ್ಬರ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು, ಮಡಿಲಲ್ಲಿ ಕೂಸು. ಕೈಯಲ್ಲಿ ಆಸ್ಪತ್ರೆಯ ಫೈಲು. ಮರುದಿನ ಬೆಳಿಗ್ಗೆ ಕೊಚ್ಚಿಯಲ್ಲಿ ಕೂಸಿಗೆ ಡಾಕ್ಟರ್ ಅಪಾಯಿಂಟ್‌ಮೆಂಟ್. ಟಿಕೆಟ್ ಸಿಕ್ಕಿರಲಿಲ್ಲ. ಯಾರಾದರೂ ಬಾರದೆ ಇದ್ದರೆ ಆ ಜಾಗ ಸಿಗುತ್ತದೆಯೇನೋ ಎಂದು ಬಂದು ನಿಂತಿದ್ದಳು. ಎಲ್ಲರೂ ಬಂದಿದ್ದರು. ವಿಮಾನದಲ್ಲಿ ಖಾಲಿ ಸೀಟು ಇರಲಿಲ್ಲವೇ ಎಂದರೆ ಇತ್ತು. ನಾನು ಕಣ್ಣಾರೆ ನೋಡಿದೆ, ಹಿಂದೆ ಎರಡು ಸಾಲು ಖಾಲಿ. ಆದರೆ ಅದು ತೂಕಕ್ಕಾಗಿ ಖಾಲಿ ಬಿಟ್ಟದ್ದು, ಯಾರನ್ನೂ ಕೂರಿಸುವ ಹಾಗಿಲ್ಲ.

ಯಾರಾದರೂ ಒಬ್ಬರು ನಾಳೆ ಹೋಗುತ್ತೇನೆ ಎಂದರೆ ಅವಳಿಗೆ ಸೀಟು ಸಿಗುತ್ತಿತ್ತು. ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ ಸಾರ್. ಜಿಎಸ್‌ಟಿ ರಿಟರ್ನ್ಸ್ ಕಟ್ಟುವ ಕೊನೆ ದಿನ ಹತ್ತಿರ ಇತ್ತು, ರೈಲು ಟಿಕೆಟ್ ಬುಕ್ ಆಗಿತ್ತು, ಸುಮ್ನೆ ಕೂತೆ. ಅವಳು ಹೊರಗೆ ಹೋಗಿ ಆಟೋ ಹತ್ತುವುದು ಕಿಟಕಿಯಿಂದ ಕಂಡಿತು. ಡಬ್ಬ ನಾಲ್ಕು ದಿನದ ಮೇಲೆ ಬಂತು. ಕೂಸಿನ ಕಥೆ ಏನಾಯಿತು ಎಂದು ನನಗೆ ಗೊತ್ತಿಲ್ಲ.

ಕೌಂಟರಿನ ಹುಡುಗನದ್ದಾಗಲಿ, ಪೈಲಟ್‌ನದ್ದಾಗಲಿ ಇದರಲ್ಲಿ ಏನೂ ತಪ್ಪಿಲ್ಲ. ಆಮೇಲೆ ನಾನು ಗೊತ್ತಿದ್ದವರಲ್ಲಿ ಕೇಳಿ ತಿಳಿದುಕೊಂಡೆ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್. ಎಟಿಆರ್ 72ಕ್ಕೆ ತುಂಬಿದ ಲೋಡಿನಲ್ಲಿ ಏರಲು ಅದಕ್ಕಿಂತ ಉದ್ದ ಬೇಕು. ಸೆಕೆ ಜಾಸ್ತಿ ಆದ ಹಾಗೆ ಗಾಳಿ ತೆಳುವಾಗುತ್ತದೆ, ಇನ್ನೂ ಉದ್ದ ಬೇಕಾಗುತ್ತದೆ. ಆ ದಿನಕ್ಕೆಂದು ರನ್‌ವೇ ಉದ್ದ ಮಾಡಲು ಆಗುವುದಿಲ್ಲ, ಹಾಗಾಗಿ ತೂಕ ಇಳಿಸುತ್ತಾರೆ. ಇನ್ನೊಂದು ವಿಷಯ ನನ್ನಂಥ ತೂಕದ ವ್ಯಾಪಾರಿಗೆ ತಕ್ಷಣ ಅರ್ಥವಾಯಿತು. ದ್ವೀಪಕ್ಕೆ ಹೋಗುವ ವಿಮಾನ ಅಲ್ಲಿ ಇಳಿಯಲು ಆಗದಿದ್ದರೆ ಪಕ್ಕದ ಊರಿಗೆ ಹೋಗುವಂತಿಲ್ಲ. ಪಕ್ಕದ ಊರೇ ಇಲ್ಲ. ವಾಪಸು ದಡಕ್ಕೇ ಬರಬೇಕು. ಅಷ್ಟು ಎಣ್ಣೆ ಹೊತ್ತುಕೊಂಡೇ ಹೋಗಬೇಕು. ಎಣ್ಣೆ ಹೊತ್ತಷ್ಟು ಜನ ಕಡಿಮೆ.

ಮಂಗಳೂರು ಹತ್ತಿರ ಎಂದೆನಲ್ಲ, ಅದರ ಲೆಕ್ಕ ಇಲ್ಲಿ ಬರುತ್ತದೆ. ತೊಂಬತ್ತು ಕಿಲೋಮೀಟರ್ ಕಡಿಮೆ ಅಂದರೆ ಎಟಿಆರ್‌ಗೆ ಸುಮಾರು ಹತ್ತು ನಿಮಿಷ ಕಡಿಮೆ. ಆ ಹತ್ತು ನಿಮಿಷದ ಎಣ್ಣೆಯ ತೂಕ ಒಬ್ಬರೋ ಇಬ್ಬರೋ ಮನುಷ್ಯರದ್ದು. ದೊಡ್ಡ ಉಳಿತಾಯ ಅಲ್ಲ, ಒಪ್ಪುತ್ತೇನೆ. ಆದರೆ ಆವತ್ತು ಬೇಕಾಗಿದ್ದದ್ದು ಒಂದೇ ಸೀಟು.

ಸಾರ್, ನನ್ನ ಅಜ್ಜಿಮನೆ ಸುಳ್ಯದ ಕಡೆ, ಕಾಡಿನ ಒಳಗೆ. ಅಲ್ಲಿಗೆ ಕೆಎಸ್‌ಆರ್‌ಟಿಸಿಯ ನೈಟ್ ಹಾಲ್ಟ್ ಬಸ್ಸು ಬರುತ್ತಿತ್ತು. ರಾತ್ರಿ ಎಂಟೂವರೆಗೆ ಬಂದು ಶಾಲೆಯ ಹತ್ತಿರ ನಿಲ್ಲುವುದು. ಡ್ರೈವರ್, ಕಂಡಕ್ಟರ್ ಶಾಲೆಯ ಜಗಲಿಯಲ್ಲಿ ಮಲಗುವುದು. ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನು, ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಂದಿರು, ಎಲ್ಲರನ್ನೂ ತುಂಬಿಕೊಂಡು ಹೊರಡುವುದು. ಕೊನೆಯ ಮೂರು ಸ್ಟಾಪಿಗೆ ಇಳಿಯುವವರು ಐದಾರು ಜನ. ಆ ಟ್ರಿಪ್ಪಿನಲ್ಲಿ ಡೀಸೆಲ್ ಖರ್ಚೂ ಹುಟ್ಟುತ್ತಿರಲಿಲ್ಲ, ಕಂಡಕ್ಟರೇ ಹೇಳುತ್ತಿದ್ದ. ಆದರೂ ಬರುತ್ತಿತ್ತು. ಮೂರು ವರ್ಷ ಆಯಿತು, ಇನ್ನು ನೀವೇ ನೋಡಿಕೊಳ್ಳಿ ಎಂದು ಯಾರೂ ಬಸ್ಸು ನಿಲ್ಲಿಸಲಿಲ್ಲ.

ಮೂರು ವರ್ಷ ಎಂದು ಯಾಕೆ ಹೇಳಿದೆ ಎಂದು ನಿಮಗೆ ಗೊತ್ತಾಗಿರುತ್ತದೆ. ಸಣ್ಣ ಊರುಗಳಿಗೆ ವಿಮಾನ ತರುವ ನಿಮ್ಮ ಉಡಾನ್ ಯೋಜನೆ ಒಳ್ಳೆಯದೇ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ ಹಾರಿದಾಗ, ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಕೇಳಿ ನಾವೆಲ್ಲ ಖುಷಿಪಟ್ಟೆವು. ನಷ್ಟವನ್ನು ಸರಕಾರ ತುಂಬಿಕೊಡುತ್ತದೆ ಎಂದಿರಿ. ಆದರೆ ಆ ತುಂಬಿಕೊಡುವುದು ಮೂರು ವರ್ಷಕ್ಕೆ ಮಾತ್ರ. ಅಷ್ಟರಲ್ಲಿ ದಾರಿ ಪಳಗಿ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ನಿಮ್ಮ ಲೆಕ್ಕ. ಹುಬ್ಬಳ್ಳಿಗೋ ಕಲಬುರಗಿಗೋ ಆ ಲೆಕ್ಕ ಸರಿ ಇರಬಹುದು. ಅಲ್ಲಿ ವಿಮಾನ ನಿಂತರೆ ರೈಲು ಉಂಟು, ವೋಲ್ವೋ ಉಂಟು. ಅಗತ್ತಿಗೆ ಏನುಂಟು? ಮೂರು ವರ್ಷ ಆದ ಮೇಲೆ ದ್ವೀಪ ದಡಕ್ಕೆ ಹತ್ತಿರ ಬರುತ್ತದಾ?

ಈ ದ್ವೀಪಕ್ಕೆ ಬಂದುಹೋದ ವಿಮಾನಗಳ ಕಥೆಯೇ ಒಂದು ಸಂತೆಯ ಕಥೆ. 1988ರ ಏಪ್ರಿಲ್‌ನಲ್ಲಿ ರನ್‌ವೇ ಆಯಿತು. ಸರಕಾರಿ ವಿಮಾನ ಕಂಪನಿ ವಾಯುದೂತ್‌ನ ಡಾರ್ನಿಯರ್ ಎಂಬ ಪುಟ್ಟ ವಿಮಾನ ಬಂತು. ವಾಯುದೂತ್ ಮುಚ್ಚಿತು. ಆಮೇಲೆ ಬೇರೆಯವರು ಬಂದರು, ಹೋದರು. ಕೆಲವರು ವಿಮಾನದ ಜೊತೆ ಕಂಪನಿಯನ್ನೂ ಮುಚ್ಚಿಕೊಂಡು ಹೋದರು. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದಲ್ಲಿ ಸಮುದ್ರಕ್ಕೆ ಇಳಿದ ಫೋಟೋ ಬಂದಿತಲ್ಲ, ಆಮೇಲೆ ಒಮ್ಮೆಗೇ ಎಲ್ಲರಿಗೂ ಲಕ್ಷದ್ವೀಪ ಬೇಕಾಯಿತು. ಆ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ನೇರ ಎಟಿಆರ್ ಶುರುವಾಯಿತು, ಏಪ್ರಿಲ್‌ನಲ್ಲಿ ಗೋವಾದಿಂದ. ಒಳ್ಳೆಯದಾಯಿತು. ಆದರೆ ಫೋಟೋ ನೋಡಿ ಬರುವ ವಿಮಾನ ಇನ್ನೊಂದು ಫೋಟೋ ಬಂದರೆ ಅತ್ತ ಹೋಗುತ್ತದೆ. ಪ್ರವಾಸಿಗೆ ಅಗತ್ತಿ ಇಲ್ಲದಿದ್ದರೆ ಅಂಡಮಾನ್. ಅಗತ್ತಿಯಲ್ಲೇ ಹುಟ್ಟಿದವನಿಗೆ?

ಅಲ್ಲಿ ಇರುವವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 2011ರ ಜನಗಣತಿಯಲ್ಲಿ ಇಡೀ ಲಕ್ಷದ್ವೀಪಕ್ಕೆ 64 ಸಾವಿರ ಚಿಲ್ಲರೆ. ಜನ ಇರುವ ದ್ವೀಪ ಹತ್ತು, ವಿಮಾನ ಇಳಿಯುವುದು ಒಂದರಲ್ಲಿ ಮಾತ್ರ. ಕವರತ್ತಿಯವರು, ಕಿಲ್ತಾನಿನವರು ಮೊದಲು ದೋಣಿಯಲ್ಲೋ ಹೆಲಿಕಾಪ್ಟರಿನಲ್ಲೋ ಅಗತ್ತಿಗೆ ಬರಬೇಕು. ತೀರಾ ಅವಸರದ ರೋಗಿಗಳನ್ನು ಹೆಲಿಕಾಪ್ಟರ್ ಕೊಚ್ಚಿಗೆ ಎತ್ತಿಕೊಂಡು ಹೋಗುತ್ತದೆ, ಅದು ದೊಡ್ಡ ಉಪಕಾರ. ಆದರೆ ಪ್ರತಿ ಕಾಯಿಲೆಯೂ ಹೆಲಿಕಾಪ್ಟರ್ ಬರುವಷ್ಟು ಜೋರಾಗಿ ಬರುವುದಿಲ್ಲ. ಕಣ್ಣಿನ ಪೊರೆ, ಮಂಡಿ ನೋವು, ಕೂಸಿನ ಎದೆಯಲ್ಲಿ ಏನೋ ಶಬ್ದ, ಇವೆಲ್ಲ ಟಿಕೆಟ್ ತೆಗೆದೇ ಹೋಗಬೇಕಾದ ಕಾಯಿಲೆಗಳು.

ನಿಮ್ಮ ಇಲಾಖೆಯದ್ದೇ ಒಂದು ಹಳೇ ನಿಯಮ ಉಂಟು, 1994ರದ್ದು. ದೊಡ್ಡ ಊರುಗಳ ನಡುವೆ ವಿಮಾನ ಓಡಿಸುವ ಕಂಪನಿ, ಅದರ ಹತ್ತನೇ ಒಂದು ಪಾಲು ಸಾಮರ್ಥ್ಯವನ್ನು ಈಶಾನ್ಯ ರಾಜ್ಯಗಳು, ಜಮ್ಮು ಕಾಶ್ಮೀರ, ಅಂಡಮಾನ್, ಲಕ್ಷದ್ವೀಪದ ಕಡೆಗೆ ಕೊಡಬೇಕು. ಬರೆದವರ ಕೈಗೆ ಮುತ್ತು ಕೊಡಬೇಕು, ಅಷ್ಟು ಒಳ್ಳೆಯ ನಿಯಮ. ತೊಂದರೆ ಎಲ್ಲಿ ಅಂದರೆ, ಎಲ್ಲವನ್ನೂ ಒಂದೇ ಗೋಣಿಗೆ ಹಾಕಿದ್ದೀರಿ. ಗುವಾಹಟಿಗೆ, ಶ್ರೀನಗರಕ್ಕೆ ದೊಡ್ಡ ಜೆಟ್ ಓಡಿಸಿದರೆ ಲೆಕ್ಕ ತುಂಬಿತು. ಲಾಭವೂ ಬಂತು, ನಿಯಮವೂ ಆಯಿತು. ನಾನು ಗಿರಾಕಿಗೆ ಹತ್ತು ಸಾಮಾನಿನ ಚೀಟಿಗೆ ಬರೀ ಅಕ್ಕಿ ಕೊಟ್ಟು, ತೂಕ ಸರಿ ಇದೆಯಲ್ಲ ಎಂದರೆ ಒಪ್ಪುತ್ತಾನಾ? ಲಕ್ಷದ್ವೀಪಕ್ಕೆ ಬೇರೆ ಚೀಟಿ ಮಾಡಿ. ಅದರಲ್ಲಿ ಸೀಟಿನ ಲೆಕ್ಕ ಬೇಡ, ದಿನದ ಲೆಕ್ಕ ಬರೆಯಿರಿ. ವಾರಕ್ಕೆ ಇಷ್ಟು ದಿನ, ಮಳೆಗಾಲದಲ್ಲೂ ಇಷ್ಟು ದಿನ.

ಹೊರದೇಶದ ಉದಾಹರಣೆ ಕೊಟ್ಟರೆ ನಮ್ಮವರಿಗೆ ಸ್ವಲ್ಪ ನಂಬಿಕೆ ಜಾಸ್ತಿ, ಅದಕ್ಕೇ ಎರಡು ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ ಬಾರಾ ಎಂಬ ದ್ವೀಪ. ನಮ್ಮ ಒಂದು ಗ್ರಾಮ ಪಂಚಾಯಿತಿಗಿಂತ ಕಡಿಮೆ ಜನ. ಅಲ್ಲಿ ಡಾಂಬರಿನ ರನ್‌ವೇ ಇಲ್ಲ. ಸಮುದ್ರ ಇಳಿದಾಗ ಮರಳಿನ ಮೇಲೆ ಟ್ವಿನ್ ಆಟರ್ ಎಂಬ ಪುಟ್ಟ ಫ್ಯಾನಿನ ವಿಮಾನ ಇಳಿಯುತ್ತದೆ. ಭರತ ಇಳಿತ ನೋಡಿ ಟೈಮ್ ಟೇಬಲ್ ಮಾಡುತ್ತಾರೆ. ನಷ್ಟ ಸರಕಾರದ್ದು. ಅದರ ಮೇಲೆ, 2006ರಿಂದ ಅಲ್ಲಿಯ ದೂರದ ದ್ವೀಪಗಳ ನಿವಾಸಿಗಳಿಗೆ ಮೂಲ ಟಿಕೆಟ್ ದರದಲ್ಲಿ ಅರ್ಧ ಮಾಫಿ. ಸ್ಪೇನಿನವರು ಇನ್ನೂ ಮುಂದೆ ಹೋಗಿದ್ದಾರೆ. ಕ್ಯಾನರಿ ದ್ವೀಪದ ನಿವಾಸಿ ಎಂಬ ದಾಖಲೆ ತೋರಿಸಿದರೆ, ದಡಕ್ಕೆ ಹೋಗುವ ಟಿಕೆಟಿನಲ್ಲಿ 2018ರಿಂದ ಶೇ. 75 ರಿಯಾಯಿತಿ. ಆ ದ್ವೀಪಗಳ ನಡುವೆ ಓಡಾಡುವುದೂ ಅಗತ್ತಿಗೆ ಬರುವ ಇದೇ ಎಟಿಆರ್ 72. ಪ್ರವಾಸಿ ಪೂರ್ತಿ ದುಡ್ಡು ಕೊಡುತ್ತಾನೆ, ಊರಿನವನು ಕಾಲು ದುಡ್ಡು ಕೊಡುತ್ತಾನೆ, ಇಬ್ಬರೂ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂರುತ್ತಾರೆ. ಪ್ರವಾಸಿಗಳೇನೂ ಮುನಿಸಿಕೊಂಡು ಬಿಟ್ಟುಹೋಗಿಲ್ಲ.

ನಮ್ಮಲ್ಲಿ ಇದು ಹೊಸ ವಿಚಾರವೂ ಅಲ್ಲ. ಯಾವ ಸರಕಾರಿ ಬಸ್ಸು ಹತ್ತಿದರೂ ಕಿಟಕಿಯ ಮೇಲೆ 'ಮಹಿಳೆಯರಿಗೆ', 'ಹಿರಿಯ ನಾಗರಿಕರಿಗೆ' ಎಂದು ಬರೆದಿರುತ್ತದೆ. ಶಾಸಕರಿಗೂ ಒಂದು ಸೀಟು ಇರುತ್ತಿತ್ತು, ಅದರಲ್ಲಿ ಶಾಸಕರು ಕೂತದ್ದನ್ನು ಮಾತ್ರ ನಾನು ನೋಡಿಲ್ಲ. ಅಗತ್ತಿಗೆ ಹೋಗುವ ಪ್ರತಿ ವಿಮಾನದಲ್ಲಿ ಕೆಲವು ಸೀಟನ್ನು ಹೊರಡುವ ಹಿಂದಿನ ದಿನದವರೆಗೆ ದ್ವೀಪದವರಿಗೆ ಎಂದು ಹಿಡಿದಿಡಿ. ಆಸ್ಪತ್ರೆಯ ಫೈಲು ಇದ್ದವರಿಗೆ, ಸಾವಿನ ಮನೆಗೆ ಹೋಗುವವರಿಗೆ, ಪರೀಕ್ಷೆ ಇರುವ ಮಕ್ಕಳಿಗೆ ಮೊದಲು. ಯಾರೂ ಬಾರದಿದ್ದರೆ ಮಾರಿಕೊಳ್ಳಲಿ. ತೂಕ ಇಳಿಸಬೇಕಾದ ದಿನ ಯಾರನ್ನು ಮೊದಲು ಇಳಿಸುವುದು ಎಂಬುದಕ್ಕೂ ಬರೆದಿಟ್ಟ ಒಂದು ಕ್ರಮ ಇರಲಿ. ನನ್ನಂಥವನ ಒಳ್ಳೆಯತನದ ಮೇಲೆ ಆ ಹೆಂಗಸು ನಿಲ್ಲುವ ಹಾಗಾಗಬಾರದು. ನನ್ನ ಒಳ್ಳೆಯತನ ಎಷ್ಟಿತ್ತು ಎಂದು ಆವತ್ತು ಗೊತ್ತಾಯಿತಲ್ಲ.

ಮಂಗಳೂರು ಯಾಕೆ ಎಂದು ಕೇಳಿದರೆ, ಬರೀ ತೊಂಬತ್ತು ಕಿಲೋಮೀಟರಿನ ಮಾತಲ್ಲ. ದ್ವೀಪದವರ ಭಾಷೆ ಮಲಯಾಳದ್ದೇ ಒಂದು ಬಗೆ, ಮಿನಿಕಾಯ್ ಒಂದನ್ನು ಬಿಟ್ಟು. ಅವರ ಕಚೇರಿ, ಹಡಗು, ನೆಂಟಸ್ತಿಕೆ ಎಲ್ಲ ಕೇರಳದ ಕಡೆ. ಕೊಚ್ಚಿಯ ವಿಮಾನ ಒಂದೂ ಕಡಿಮೆ ಆಗಬಾರದು. ಆದರೆ ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಹದಿನೆಂಟನೇ ಶತಮಾನದ ಕೊನೆಗೆ, ಕಣ್ಣೂರಿನ ಅರಕ್ಕಲ್ ಅರಸು ಮನೆತನದ ಆಡಳಿತದ ಕಾಟ ತಡೆಯದೆ ಅಮಿನಿಯವರು ದೋಣಿ ಹತ್ತಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಿಗೆ ಅಹವಾಲು ಕೊಟ್ಟರು. ಹಾಗೆ ಆ ದ್ವೀಪಗಳು ಇತ್ತ ಬಂದವು. ಮುಂದೆ ಬ್ರಿಟಿಷರ ಕಾಲದಲ್ಲಿ ಮಂಗಳೂರಿನ ಕಲೆಕ್ಟರೇ ಅವರಿಗೆ ದೊರೆ, ಅವರ ಹುರಿಹಗ್ಗ ಮಾರುವುದೂ ಇಲ್ಲೇ. ಇದೆಲ್ಲ ಕಡಿದದ್ದು 1956ರ ನವೆಂಬರ್ 1ಕ್ಕೆ, ಅವು ಕೇಂದ್ರಾಡಳಿತ ಪ್ರದೇಶ ಆದಾಗ. ನಾವು ಕನ್ನಡ ಬಾವುಟ ಹಾರಿಸಿ ಸಿಹಿ ಹಂಚುವ ದಿನವೇ ಅದು. ಮನೆಗೆ ನೆಂಟರೆಲ್ಲ ಸೇರಿದ ದಿನ ಹಿಂದಿನ ಬಾಗಿಲಿನಿಂದ ಒಬ್ಬರು ಎದ್ದು ಹೋದದ್ದು ನಮಗೆ ಗೊತ್ತೇ ಆಗಲಿಲ್ಲ.

ಸರಕಾರ ಗೆರೆ ಎಳೆದರೂ ಬಂದರು ಬಿಡಲಿಲ್ಲ. ಈಗಲೂ ಸಂಜೆ ಹೊತ್ತು ದಕ್ಕೆಗೆ ಬನ್ನಿ. ಮಂಜಿಯ ಹುಡುಗರು ಅವರ ಭಾಷೆಯಲ್ಲಿ ಕೂಗುತ್ತಾರೆ, ನಮ್ಮ ಬ್ಯಾರಿ ಕೂಲಿಯವರು ಬ್ಯಾರಿಯಲ್ಲಿ ಉತ್ತರ ಕೊಡುತ್ತಾರೆ, ನಾನು ತುಳುವಿನಲ್ಲಿ ಬೈಯುತ್ತೇನೆ, ಎಲ್ಲರಿಗೂ ಎಲ್ಲ ಅರ್ಥವಾಗುತ್ತದೆ. ಊರಿನಲ್ಲಿ ವೆನ್‌ಲಾಕ್ ಆಸ್ಪತ್ರೆ ಉಂಟು, ಸಾಲು ಸಾಲು ಮೆಡಿಕಲ್ ಕಾಲೇಜು ಉಂಟು. 2024ರ ಮೇಯಲ್ಲಿ ಪರಳಿ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಜನರನ್ನು ಹೊತ್ತು ಹಳೇ ಬಂದರಿಗೆ ಬಂದಾಗ ಜನ ಎಷ್ಟು ಖುಷಿಯಾದರು ಗೊತ್ತಾ! ಸಮುದ್ರ ಸುಮ್ಮನಿದ್ದರೆ ಹಡಗು ಸಾಕು. ಜೂನ್, ಜುಲೈನಲ್ಲಿ ಅದು ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಬಜ್ಪೆಗೂ ಮೋಡ ಮುಸುಕುತ್ತದೆ, ವಿಮಾನ ಕೆಲವು ದಿನ ತಿರುಗಿ ಹೋಗುತ್ತದೆ, ಅದೂ ನಿಜವೇ. ವಾರಕ್ಕೆ ಮೂರರಲ್ಲಿ ಒಂದು ತಪ್ಪಿದರೂ ಎರಡು ಉಳಿಯುತ್ತದೆ.

ರನ್‌ವೇ ಉದ್ದ ಮಾಡಿ ಜೆಟ್ ಇಳಿಸುವ ಮಾತು ಆಗಾಗ ಬರುತ್ತದೆ. ಆ ಲೆಕ್ಕ ಇಂಜಿನಿಯರುಗಳಿಗೆ ಬಿಟ್ಟದ್ದು. ನಾನು ನೋಡಿದ್ದು ಇಷ್ಟು: ರನ್‌ವೇ ಮುಗಿಯುವ ಕಡೆ ನೀರು ಮೊಣಕಾಲು ಆಳ, ಕೆಳಗೆ ಹವಳ. ಆ ಹವಳವೇ ದ್ವೀಪಕ್ಕೆ ಕಾಂಪೌಂಡು ಗೋಡೆ. ಕುಡಿಯುವ ನೀರು ಎಂದರೆ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ತೆಳು ಪದರ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಅಲ್ಲಿಗೆ ದಿನಾ ನಾಲ್ಕು ಜೆಟ್ ಜನ ಬಂದು ಇಳಿದರೆ ಅವರು ಸ್ನಾನ ಮಾಡುವುದು ಯಾವ ನೀರಿನಲ್ಲಿ? ಆ ಊರಿಗೆ ಫ್ಯಾನಿನ ವಿಮಾನವೇ ಸರಿ ಎಂದು ನನಗೆ ಕಾಣುತ್ತದೆ. ಏಳೂವರೆ ಸಾವಿರ ಜನರ ದ್ವೀಪ, ಐವತ್ತು ಅರವತ್ತು ಜನರ ವಿಮಾನ. ಅಳತೆ ಕೂಡಿಬರುತ್ತದೆ.

ಇನ್ನೂ ಚಿಕ್ಕ ರನ್‌ವೇಗೆಂದು ಎಟಿಆರ್ ಕಂಪನಿಯವರು ಒಂದು ಹೊಸ ಮಾದರಿ ಮಾಡಲು ಹೊರಟಿದ್ದರು, 800 ಮೀಟರಿನಲ್ಲೇ ಏರುವಂಥದ್ದು. 2024ರಲ್ಲಿ ಅದನ್ನು ಕೈಬಿಟ್ಟರು. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಎಚ್‌ಎಎಲ್‌ನವರು ಹತ್ತೊಂಬತ್ತು ಸೀಟಿನ ಡಾರ್ನಿಯರ್ ಅನ್ನು ಕಾನ್ಪುರದಲ್ಲಿ ಮಾಡುತ್ತಾರೆ. 2022ರಲ್ಲಿ ಅರುಣಾಚಲದ ಪಾಸಿಘಾಟ್‌ಗೆ ಅದನ್ನು ಹಾರಿಸಿದಿರಿ. ಅಗತ್ತಿಗೆ ಮೊದಲು ಬಂದದ್ದೂ ಅದೇ ಜಾತಿಯ ವಿಮಾನ. ಮಂಗಳೂರಿನಿಂದ ಎಟಿಆರ್ ತುಂಬುವಷ್ಟು ಜನ ಸಿಗುವುದಿಲ್ಲ ಎಂದು ಕಂಪನಿಯವರು ಹೇಳಿದರೆ, ಹತ್ತೊಂಬತ್ತು ಸೀಟಿನದ್ದನ್ನೇ ಕಳಿಸಿ. ನೈಟ್ ಹಾಲ್ಟ್ ಬಸ್ಸಿಗೆ ನಮ್ಮೂರಿಗೂ ಹೊಸ ಗಾಡಿ ಯಾವತ್ತೂ ಬರುತ್ತಿರಲಿಲ್ಲ, ನಾವೇನೂ ದೂರಲಿಲ್ಲ. ಟೈಮಿಗೆ ಬಂದರೆ ಸಾಕಿತ್ತು.

ಹಾಗಾಗಿ ಕೇಳುವುದು ಇಷ್ಟೇ. ಮಂಗಳೂರಿನಿಂದ ಅಗತ್ತಿಗೆ ವಾರಕ್ಕೆ ಮೂರು ದಿನ, ಮಳೆಗಾಲವೂ ಸೇರಿ, ಮೂರು ವರ್ಷದ ಗಡುವು ಇಲ್ಲದೆ. ದ್ವೀಪದ ನಿವಾಸಿಗಳಿಗೆ ಹಿಡಿದಿಟ್ಟ ಸೀಟು, ಅವರ ಕೈಗೆ ಎಟುಕುವ ದರ. ಹಣ ಎಲ್ಲಿಂದ ಎಂದರೆ, ದೊಡ್ಡ ಊರಿನ ವಿಮಾನಗಳ ಮೇಲೆ ಉಡಾನ್‌ಗೆಂದು ಈಗಾಗಲೇ ಶುಲ್ಕ ಹಾಕುತ್ತೀರಿ. ನಾನು ಬೆಂಗಳೂರಿಗೆ ಹಾರುವಾಗ ಅದರ ಪಾಲು ನನ್ನ ಟಿಕೆಟಿನಲ್ಲೂ ಇರುತ್ತದೆ. ನನ್ನ ಪಾಲನ್ನು ಈ ಖಾತೆಗೆ ಬರೆದುಕೊಳ್ಳಿ, ತಕರಾರಿಲ್ಲ.

ಕಾಕನ ಮಗಳದ್ದು ಈಗ ಕೊನೆಯ ವರ್ಷ. ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ಹೊತ್ತಿಗೆ ಮತ್ತೆ ಮಳೆ ಹಿಡಿದಿರುತ್ತದೆ. ನಿನ್ನೆ ಅಂಗಡಿಗೆ ಬಂದವಳು, "ಅಂಕಲ್, ಟಿಕೆಟ್ ಈಗಲೇ ಮಾಡಿಡುವುದಾ?" ಎಂದು ಕೇಳಿದಳು. ಒಂದು ವಾರ ನಿಲ್ಲು, ಮಂತ್ರಿಗಳಿಗೆ ಒಂದು ಕಾಗದ ಬರೆಯುತ್ತಿದ್ದೇನೆ ಎಂದೆ. ಅವಳು ನಕ್ಕು, ಕೊಚ್ಚಿಯ ರೈಲಿನ ಟೈಮ್ ಬರೆದುಕೊಂಡು ಹೋದಳು.

ಇತಿ ನಿಮ್ಮ ವಿಶ್ವಾಸಿ,
ಬಂದರಿನ ಒಬ್ಬ ದಿನಸಿ ವ್ಯಾಪಾರಿ,
ಮಂಗಳೂರು